ಟೆಕ್ಸಸ್‌ಗೆ ಹೊಸಬರೇ? ಚಳಿಗೆ ಕರೆಂಟ್ ಹೋಗುವ ಮುಂಚೆ ಒಮ್ಮೆ ಓದಿ

ಡಲ್ಲಾಸ್ ಕಡೆ ಹೊಸದಾಗಿ ಬಂದಿಳಿದ ನಮ್ಮವರು ಯಾರಾದರೂ ಮನೆಗೆ ಬಂದರೆ, ಕಾಫಿ ಲೋಟ ಕೈಗೆ ಕೊಟ್ಟ ಮೇಲೆ ನಾನು ಕೇಳುವ ಮೊದಲ ಪ್ರಶ್ನೆ: "ನಿಮ್ಮ ಮನೆ ಬಿಸಿಯಾಗೋದು ಯಾತರಿಂದ? ಗ್ಯಾಸೋ, ಕರೆಂಟೋ?" ಹೆಚ್ಚಿನವರು ಮುಖ ಮುಖ ನೋಡಿಕೊಳ್ಳುತ್ತಾರೆ. ಗೋಡೆ ಮೇಲೆ ಥರ್ಮೋಸ್ಟಾಟ್ ಇದೆ, ಒತ್ತಿದರೆ ಬೆಚ್ಚಗಿನ ಗಾಳಿ ಬರುತ್ತದೆ, ಅಲ್ಲಿಗೆ ಮುಗಿಯಿತು. 2021ರ ಫೆಬ್ರವರಿ 15ರ ಬೆಳಗಿನ ಜಾವದವರೆಗೆ ನನಗೂ ಅಷ್ಟೇ ಗೊತ್ತಿದ್ದದ್ದು.

"ಕರೆಂಟ್ ಹೋದ್ರೆ ಏನಂತೆ, ನಮ್ಮೂರಲ್ಲಿ ದಿನಾ ಹೋಗ್ತಿತ್ತು" ಅನ್ನುವವರಿಗೆ ಒಂದು ಮಾತು. ಊರಲ್ಲಿ ಕರೆಂಟ್ ಹೋದರೆ ಫ್ಯಾನ್ ನಿಲ್ಲುತ್ತಿತ್ತು, ಧಾರಾವಾಹಿ ತಪ್ಪುತ್ತಿತ್ತು, ಸೊಳ್ಳೆ ಕಚ್ಚುತ್ತಿತ್ತು. ಮೇಣದಬತ್ತಿ ಹಚ್ಚಿಟ್ಟು ಜಗಲಿಗೆ ಬಂದು ಕೂತರೆ ಆಯಿತು. ಇಲ್ಲಿ ಚಳಿಗಾಲದಲ್ಲಿ ಹೋದರೆ ಮನೆಯ ಕಾವು ಹೋಗುತ್ತದೆ, ಅದರ ಹಿಂದೆಯೇ ನಲ್ಲಿಯ ನೀರು ಹೋಗುತ್ತದೆ, ಕೊನೆಗೆ ಅಟ್ಟದ ಪೈಪು ಒಡೆದು ಸೂರೇ ಕೆಳಗೆ ಬರಬಹುದು.

ಆ ರಾತ್ರಿ ಎರಡು ಗಂಟೆಯ ಹೊತ್ತಿಗೆ ನನಗೆ ಎಚ್ಚರವಾದದ್ದು ಚಳಿಯಿಂದಲ್ಲ, ಸದ್ದು ನಿಂತದ್ದರಿಂದ. ಮನೆ ಬಿಸಿಮಾಡುವ ಫರ್ನೇಸಿನ ಗುಂಯ್ ಇಲ್ಲ, ಫ್ರಿಜ್ಜಿನ ಗೊಣಗಾಟ ಇಲ್ಲ. ನಾನು ಧೈರ್ಯವಾಗಿಯೇ ಇದ್ದೆ. ನಮ್ಮದು ಗ್ಯಾಸ್ ಫರ್ನೇಸ್, ಗ್ಯಾಸು ನೆಲದಡಿಯ ಪೈಪಿನಲ್ಲಿ ಬರುತ್ತದೆ, ತಂತಿಗೆ ಏನಾದರೆ ನಮಗೇನು? ಟಾರ್ಚ್ ಹಿಡಿದು ಅಟ್ಟ ಹತ್ತಿ ಫರ್ನೇಸಿನ ಮುಂದೆ ಕುಕ್ಕರಗಾಲಲ್ಲಿ ಕೂತ ಮೇಲೆ ತಿಳಿಯಿತು: ಕಿಡಿ ಹೊತ್ತಿಸುವುದೂ ಕರೆಂಟು, ಬಿಸಿ ಗಾಳಿಯನ್ನು ಕೋಣೆಗೆ ದೂಡುವ ಬ್ಲೋವರ್ ತಿರುಗುವುದೂ ಕರೆಂಟಿನಿಂದಲೇ. ಗ್ಯಾಸು ಬಾಗಿಲಲ್ಲೇ ನಿಂತಿತ್ತು, ಒಳಗೆ ಕರೆಯುವವರಿರಲಿಲ್ಲ.

16ನೇ ತಾರೀಕು ಡಲ್ಲಾಸ್ ವಿಮಾನ ನಿಲ್ದಾಣದಲ್ಲಿ ದಾಖಲಾದದ್ದು ಮೈನಸ್ 2 ಫ್ಯಾರನ್‌ಹೀಟ್. ನಮ್ಮ ಲೆಕ್ಕದಲ್ಲಿ ಸೊನ್ನೆಗಿಂತ 19 ಡಿಗ್ರಿ ಕೆಳಗೆ. ನಮ್ಮ ಹಾಲ್‌ನ ಗೋಡೆ ಗಡಿಯಾರದ ಥರ್ಮಾಮೀಟರ್ ಎರಡನೇ ಸಂಜೆ 46 ಫ್ಯಾರನ್‌ಹೀಟ್ ತೋರಿಸುತ್ತಿತ್ತು. ನಾಲ್ಕೂ ಜನ ಒಂದೇ ಕೋಣೆ ಸೇರಿ, ಕಿಟಕಿಗೆ ಜಮಖಾನ ಕಟ್ಟಿ, ಬಾಗಿಲ ಸಂದಿಗೆ ಪಂಚೆ ಸುತ್ತಿಟ್ಟೆವು. ಅಡುಗೆಯ ಗ್ಯಾಸ್ ಒಲೆಯನ್ನು ಬೆಂಕಿಕಡ್ಡಿಯಿಂದ ಹಚ್ಚಬಹುದಿತ್ತು, ಹಾಗಾಗಿ ಗಂಜಿ, ಮೆಣಸಿನ ಸಾರಿಗೆ ಕೊರತೆಯಾಗಲಿಲ್ಲ. ಎದುರು ಬೀದಿಯಲ್ಲಿ ಮಾತ್ರ ಮೂರೂ ದಿನ ವರಾಂಡದ ದೀಪ ಉರಿಯುತ್ತಲೇ ಇತ್ತು. ಹೊಟ್ಟೆ ಉರಿದದ್ದು ನಮ್ಮದು. ಆ ಬೀದಿಯ ಲೈನು ಆಸ್ಪತ್ರೆಗೆ ಹೋಗುವ ಲೈನೇ ಎಂದು ಆಮೇಲೆ ಗೊತ್ತಾಯಿತು.

ಇದೆಲ್ಲ ಯಾಕಾಯಿತು ಅನ್ನುವುದನ್ನು ಸ್ವಲ್ಪ ತಿಳಿದುಕೊಂಡಿರಿ. ಟೆಕ್ಸಸ್‌ನ ವಿದ್ಯುತ್ ಬೇಡಿಕೆಯ ಸುಮಾರು 90% ಭಾಗವನ್ನು ನೋಡಿಕೊಳ್ಳುವುದು ಅರ್ಕಾಟ್ (ERCOT) ಎಂಬ ಸಂಸ್ಥೆ. (ನವಾಬರಿಗೂ ಇದಕ್ಕೂ ಸಂಬಂಧವಿಲ್ಲ.) ಅಮೆರಿಕದ ಪೂರ್ವದ ವಿದ್ಯುತ್ ಜಾಲವೇ ಬೇರೆ, ಪಶ್ಚಿಮದ್ದೇ ಬೇರೆ, ಟೆಕ್ಸಸ್‌ದೇ ಬೇರೆ. ಹೊರಗಿನಿಂದ ತರಿಸಿಕೊಳ್ಳಲು ಇರುವ ಕೊಂಡಿಗಳೆಲ್ಲ ಸೇರಿ ಸುಮಾರು 1,200 ಮೆಗಾವ್ಯಾಟ್. ಆ ವಾರದ ಬೇಡಿಕೆ 69,000 ದಾಟಿತ್ತು. ಊರೆಲ್ಲ ನೆರೆ ಬಂದಾಗ ಪಕ್ಕದ ಮನೆಯಿಂದ ಒಂದು ಚೊಂಬು ಎರವಲು ತಂದ ಹಾಗೆ. ಎಲ್ ಪಾಸೋ ಊರು ಟೆಕ್ಸಸ್‌ನಲ್ಲೇ ಇದ್ದರೂ ಪಶ್ಚಿಮದ ಜಾಲಕ್ಕೆ ಸೇರಿದೆ; ಅಲ್ಲಿ ಅಂಥ ಗೋಳಾಗಲಿಲ್ಲ.

ಜಾಲದ ಕರೆಂಟು 60 ಹರ್ಟ್ಸ್‌ನಲ್ಲಿ, ಅಂದರೆ ಸೆಕೆಂಡಿಗೆ 60 ಆವರ್ತನದ ಲಯದಲ್ಲಿ ಓಡಬೇಕು. ಉತ್ಪಾದನೆ ಕುಸಿದಂತೆ ಇದೂ ಕುಸಿಯುತ್ತದೆ, ಭಾರ ಹೆಚ್ಚಾದ ಗಾಡಿಯ ಎತ್ತು ಹೆಜ್ಜೆ ನಿಧಾನ ಮಾಡಿದ ಹಾಗೆ. ಆ ಜಾವ ಅದು 59.4ಕ್ಕಿಂತ ಕೆಳಗೆ 4 ನಿಮಿಷ 23 ಸೆಕೆಂಡು ಇತ್ತು. 9 ನಿಮಿಷ ದಾಟಿದ್ದರೆ ಉಳಿದ ಸ್ಥಾವರಗಳೂ ತಮ್ಮನ್ನು ತಾವು ಕಾಪಾಡಿಕೊಳ್ಳಲು ಕಳಚಿಕೊಳ್ಳುತ್ತಿದ್ದವು, ಇಡೀ ರಾಜ್ಯ ಕತ್ತಲಾಗುತ್ತಿತ್ತು. ಅದನ್ನು ತಪ್ಪಿಸಲು ಒಂದು ಹಂತದಲ್ಲಿ 20,000 ಮೆಗಾವ್ಯಾಟ್ ಬೇಡಿಕೆಯನ್ನೇ ಕತ್ತರಿಸಿದರು. 45 ಲಕ್ಷ ಮನೆ, ಅಂಗಡಿಗಳಿಗೆ ಕತ್ತಲು. ಸರದಿ ಪ್ರಕಾರ ತೆಗೆದು ಕೊಡುತ್ತೇವೆ ಎಂಬ ಮಾತು ನಡೆಯಲಿಲ್ಲ. ಆಸ್ಪತ್ರೆ, ಅಗ್ನಿಶಾಮಕದಂಥ ಲೈನುಗಳನ್ನು ಮುಟ್ಟುವಂತಿಲ್ಲ, ಉಳಿದವನ್ನೆಲ್ಲ ತೆಗೆದಾಗಿತ್ತು, ಸರದಿಗೆ ಬದಲಿ ಕೊಡಲು ಏನೂ ಉಳಿದಿರಲಿಲ್ಲ. ರಾಜ್ಯದ ಅಧಿಕೃತ ಲೆಕ್ಕದಲ್ಲಿ ಸತ್ತವರು 246 ಮಂದಿ, ಅವರಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಎರಡು ಪಾಲು ಚಳಿಗೆ ಮೈ ತಣ್ಣಗಾಗಿ.

ಯಾವ ಮೂಲ ಕೈಕೊಟ್ಟಿತು?

ಯುಗಾದಿ ಊಟದ ಪಂಕ್ತಿಯಲ್ಲಿ ಈ ವಿಷಯ ಎತ್ತಿದರೆ ಹೋಳಿಗೆ ತಣ್ಣಗಾಗುವವರೆಗೆ ಜಗಳ. ಒಬ್ಬರಿಗೆ ಗಾಳಿಯಂತ್ರ ಹೆಪ್ಪುಗಟ್ಟಿದ್ದೇ ಕಾರಣ, ಇನ್ನೊಬ್ಬರಿಗೆ ಗ್ಯಾಸ್ ಕಂಪನಿಗಳೇ. ಅಮೆರಿಕದ ಕೇಂದ್ರ ಇಂಧನ ನಿಯಂತ್ರಕ ಸಂಸ್ಥೆ ಫರ್ಕ್ ಮತ್ತು ಜಾಲದ ಭದ್ರತೆ ನೋಡುವ ನರ್ಕ್ ಸೇರಿ 2021ರ ನವೆಂಬರ್‌ನಲ್ಲಿ ಕೊಟ್ಟ ವರದಿ ಟೆಕ್ಸಸ್ ಮತ್ತು ಅಕ್ಕಪಕ್ಕದ ರಾಜ್ಯಗಳನ್ನು ನೋಡಿತ್ತು. ಅದರ ಪ್ರಕಾರ ಕೈಕೊಟ್ಟ ಘಟಕಗಳಲ್ಲಿ 58% ಗ್ಯಾಸಿನವು, 27% ಗಾಳಿಯವು, 6% ಕಲ್ಲಿದ್ದಲಿನವು, 2% ಸೋಲಾರ್. ಗ್ಯಾಸ್ ಸ್ಥಾವರಗಳೇ ಇಲ್ಲಿ ಹೆಚ್ಚು ಅನ್ನುವುದನ್ನೂ ಲೆಕ್ಕಕ್ಕೆ ಹಿಡಿಯಬೇಕು, ಸರಿ. ಆದರೆ ಗ್ಯಾಸು ಬಿದ್ದ ರೀತಿ ಇದೆಯಲ್ಲ, ಅದು ನೋಡತಕ್ಕದ್ದು. ಕಲ್ಲಿದ್ದಲನ್ನು ಅಂಗಳದಲ್ಲಿ ರಾಶಿ ಹಾಕಿಕೊಳ್ಳಬಹುದು, ಅಣುಸ್ಥಾವರಕ್ಕೆ ಒಮ್ಮೆ ಇಂಧನ ತುಂಬಿದರೆ ವರ್ಷ ದಾಟುತ್ತದೆ. ಗ್ಯಾಸು ಮಾತ್ರ ಬಹುಮಟ್ಟಿಗೆ ಬಾವಿಯಿಂದ ಬಂದಂತೆ ಉರಿಯಬೇಕು. ಬಾವಿಯ ಬಾಯಲ್ಲಿ ನೀರು ಹೆಪ್ಪುಗಟ್ಟಿತು. ಅದು ಸಾಲದೆಂಬಂತೆ, ಗ್ಯಾಸು ತಳ್ಳುವ ಎಷ್ಟೋ ಯಂತ್ರಗಳು ಓಡುವುದು ಕರೆಂಟಿನಲ್ಲಿ, ಆ ಲೈನು 'ಅತ್ಯಗತ್ಯ' ಪಟ್ಟಿಯಲ್ಲಿ ಎಷ್ಟೋ ಕಡೆ ಇರಲೇ ಇಲ್ಲ. ಬೇಡಿಕೆ ಇಳಿಸಲು ಲೈನು ಕಿತ್ತರು, ಗ್ಯಾಸು ನಿಂತಿತು, ಗ್ಯಾಸಿಲ್ಲದೆ ಇನ್ನಷ್ಟು ಸ್ಥಾವರ ನಿಂತವು. ಕೂತ ಕೊಂಬೆಯನ್ನೇ ಕಡಿದದ್ದು.

ಗಾಳಿಯಂತ್ರದ ರೆಕ್ಕೆಗೆ ಮಂಜುಗಡ್ಡೆ ಕಟ್ಟಿದ್ದು ನಿಜ. ಆದರೆ ಇದೇ ಯಂತ್ರಗಳು ಇಲ್ಲಿಗಿಂತ ಎಷ್ಟೋ ಹೆಚ್ಚು ಚಳಿಯ ಮಿನಸೋಟದಲ್ಲಿ, ಕೆನಡಾದಲ್ಲಿ ತಿರುಗುತ್ತವೆ, ಅಲ್ಲಿ ಚಳಿಗೆ ಬೇಕಾದ ಸಜ್ಜು ಹಾಕಿರುತ್ತಾರೆ. ಇಲ್ಲಿ ಆ ಖರ್ಚು ಬೇಡವೆಂದುಕೊಂಡಿದ್ದರು. ಅಣುಶಕ್ತಿಯೂ ಪೂರ್ತಿ ಪಾರಾಗಲಿಲ್ಲ: ಬೇ ಸಿಟಿ ಬಳಿಯ ಸೌತ್ ಟೆಕ್ಸಸ್ ಪ್ರಾಜೆಕ್ಟ್‌ನಲ್ಲಿ ನೀರಿನ ಒತ್ತಡ ಅಳೆಯುವ ಒಂದು ಸಣ್ಣ ನಾಳ ಹೆಪ್ಪುಗಟ್ಟಿ ಒಂದು ರಿಯಾಕ್ಟರ್ ನಿಂತಿತು. ರಾಜ್ಯದಲ್ಲಿರುವುದೇ ನಾಲ್ಕು. ಸೋಲಾರ್ ವಿಷಯ ಸರಳ. ಚಳಿಗಾಲದ ಬೇಡಿಕೆ ಏರುವುದು ಸೂರ್ಯ ಹುಟ್ಟುವ ಮುಂಚೆ, ಮುಳುಗಿದ ಮೇಲೆ.

ನಮಗೆ ಇದೇನು ಹೊಸ ಪಾಠವಲ್ಲ. ಲಿಂಗನಮಕ್ಕಿಯ ನೀರು 1,819 ಅಡಿ ಮುಟ್ಟಿತೇ ಎಂದು ಪತ್ರಿಕೆಯಲ್ಲಿ ನೋಡಿ ಬೆಳೆದವರು ನಾವು. ಮಳೆ ಬಾರದಿದ್ದರೆ ಶರಾವತಿ ಇಲ್ಲ, ಮಳೆ ಜಾಸ್ತಿಯಾದರೆ ರಾಯಚೂರಿನ ಕಲ್ಲಿದ್ದಲು ಒದ್ದೆ. ನೀರೋ ಗ್ಯಾಸೋ ಎಂದು ಕೇಳುವುದಕ್ಕಿಂತ, ಅದು ನಿಮ್ಮ ಸ್ವಿಚ್ಚಿನವರೆಗೆ ಬರುವ ದಾರಿಯಲ್ಲಿ ಎಲ್ಲೆಲ್ಲಿ ಇನ್ನೊಂದರ ಹೆಗಲಿಗೆ ಒರಗಿದೆ ಎಂದು ಕೇಳಬೇಕು. ನನ್ನ ಮನೆಯ ಫರ್ನೇಸು, ಪಶ್ಚಿಮ ಟೆಕ್ಸಸ್‌ನ ಗ್ಯಾಸ್ ಬಾವಿ, ಎರಡೂ ಒರಗಿದ್ದು ಅದೇ ತಂತಿಗೆ.

ಟೆಕ್ಸಸ್‌ನಲ್ಲಿ 2021ರ ಸೆನೆಟ್ ಬಿಲ್ 3 ಎಂಬ ಕಾನೂನು ಬಂದ ಮೇಲೆ ಸ್ಥಾವರಗಳು ಚಳಿಗೆ ಸಜ್ಜಾಗುವುದು ಕಡ್ಡಾಯ. ಜಾಲಕ್ಕೆ ಜೋಡಿಸಿದ, ಆಗ ಕೆಲವೇ ನೂರು ಮೆಗಾವ್ಯಾಟ್ ಇದ್ದ ಬ್ಯಾಟರಿಗಳು ಈಗ 10,000 ದಾಟಿವೆ. 2022ರ ಡಿಸೆಂಬರ್, 2024ರ ಜನವರಿಯ ಚಳಿಯಲ್ಲಿ ಅರ್ಕಾಟ್ ಲೋಡ್ ಶೆಡ್ಡಿಂಗ್ ಮಾಡದೆ ಪಾರಾಯಿತು. ಹಾಗಂತ ಮೈಮರೆಯಬೇಡಿ. 2023ರ ಫೆಬ್ರವರಿಯಲ್ಲಿ ಆಸ್ಟಿನ್‌ನಲ್ಲಿ ಜಾಲದಲ್ಲಿ ಕರೆಂಟು ಬೇಕಾದಷ್ಟಿತ್ತು. ಮಂಜುಗಡ್ಡೆಯ ಭಾರಕ್ಕೆ ಮರದ ಕೊಂಬೆಗಳು ತಂತಿ ಮೇಲೆ ಬಿದ್ದು ಲಕ್ಷಕ್ಕೂ ಹೆಚ್ಚು ಮನೆಗಳು ಕತ್ತಲಲ್ಲಿದ್ದವು.

ಈಗ ನಿಮ್ಮ ಮನೆಗೆ ಬನ್ನಿ

ಹೊರಗೋಡೆಯಲ್ಲಿ ಗ್ಯಾಸ್ ಮೀಟರ್ ಇದೆಯೇ ನೋಡಿ. ಇಲ್ಲದಿದ್ದರೆ ಹೆಚ್ಚಾಗಿ ಎಲ್ಲವೂ ಕರೆಂಟೇ. ಟೆಕ್ಸಸ್‌ನ ಹತ್ತರಲ್ಲಿ ಆರು ಮನೆಗಳು ಹಾಗೇ ಬಿಸಿಯಾಗುವುದು. ಹೊರಗಿನ ಗಾಳಿಯಿಂದ ಕಾವು ಎಳೆದುಕೊಳ್ಳುವ ಹೀಟ್ ಪಂಪ್ ಇದ್ದು ಥರ್ಮೋಸ್ಟಾಟ್‌ನಲ್ಲಿ 'ಆಕ್ಸ್ ಹೀಟ್' (Aux Heat) ಎಂದು ಬಂದರೆ, ಒಳಗೆ ದೊಡ್ಡ ಗೀಸರಿನಂಥ ಸುರುಳಿಗಳು ಕಾಯುತ್ತಿವೆ, 10 ಕಿಲೋವ್ಯಾಟ್ ಅಥವಾ ಅದಕ್ಕೂ ಹೆಚ್ಚು ಎಳೆಯುತ್ತಿವೆ ಎಂದರ್ಥ. ಇದನ್ನು ಊರಿನ ಯುಪಿಎಸ್‌ನಂಥದ್ದರಲ್ಲಿ ಓಡಿಸುವ ಆಸೆ ಬಿಡಿ. ಗ್ಯಾಸ್ ಫರ್ನೇಸ್‌ನ ಬ್ಲೋವರ್‌ಗಾದರೆ ಸಣ್ಣ ಜನರೇಟರ್ ಅಥವಾ ಬ್ಯಾಟರಿ ಸಾಕು. ಅದಕ್ಕೆ ಬೇಕಾದ ಸ್ವಿಚ್ಚನ್ನು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೈಲೇ ಹಾಕಿಸಿ. ನಾನು ಮಾಡಿಸಿಕೊಂಡದ್ದು ಅಷ್ಟೇ.

ಸೂರಿನ ಮೇಲೆ ಸೋಲಾರ್ ಹಾಕಿಸಿದ್ದೇವೆ, ನಮಗೇನು ಭಯ ಎನ್ನುವವರೂ ಇದ್ದಾರೆ. ಬ್ಯಾಟರಿ ಇಲ್ಲದ ಮಾಮೂಲಿ ಸೋಲಾರ್, ಜಾಲದ ಕರೆಂಟು ಹೋದ ಕೂಡಲೇ ತಾನೂ ಆಫ್ ಆಗುತ್ತದೆ. ಲೈನ್ ರಿಪೇರಿ ಮಾಡುವವನಿಗೆ ನಿಮ್ಮ ಸೂರಿನಿಂದ ಶಾಕ್ ಹೊಡೆಯಬಾರದಲ್ಲ. ಮಾರುವವರು ಇದನ್ನು ತಾವಾಗಿ ಹೇಳುವುದು ಕಡಿಮೆ, ನೀವೇ ಕೇಳಿ.

ಜನರೇಟರ್ ಇದ್ದರೆ ಮನೆಯಿಂದ ಕನಿಷ್ಠ 20 ಅಡಿ ದೂರ, ಹೊರಗೆ. ಗ್ಯಾರೇಜಿನ ಬಾಗಿಲು ತೆರೆದಿಟ್ಟು ಒಳಗೆ ಓಡಿಸುತ್ತೇನೆ ಎಂದರೂ ಬೇಡ. ಕಾರನ್ನು ಗ್ಯಾರೇಜಿನಲ್ಲಿ ಸ್ಟಾರ್ಟ್ ಮಾಡಿ ಬೆಚ್ಚಗೆ ಕೂರುವುದೂ ಬೇಡ. 2021ರಲ್ಲಿ ಹೀಗೇ ಜನ ಸತ್ತರು. ಮಲೆನಾಡಿನ ಅಜ್ಜಿಮನೆಯಲ್ಲಿ ಅಗ್ಗಿಷ್ಟಿಕೆ ಇಟ್ಟುಕೊಂಡೇ ಮಲಗುತ್ತಿದ್ದೆವು ಅನ್ನಬೇಡಿ. ಆ ಮನೆಗೆ ಹೆಂಚಿನ ಸಂದಿಯಿಂದ ಗಾಳಿಯಾಡುತ್ತಿತ್ತು, ಇಲ್ಲಿಯದು ಬಿಗಿ ಮುಚ್ಚಳದ ಡಬ್ಬ. ಹೊಗೆಯಲ್ಲಿರುವ ವಿಷಗಾಳಿ ಕಾರ್ಬನ್ ಮೊನಾಕ್ಸೈಡಿಗೆ ವಾಸನೆ ಇಲ್ಲ. ಅದನ್ನು ಪತ್ತೆಹಚ್ಚುವ, ಬ್ಯಾಟರಿಯಲ್ಲಿ ಓಡುವ ಅಲಾರ್ಮ್ ಒಂದು ಮಲಗುವ ಕೋಣೆಯ ಹತ್ತಿರ ಇರಲಿ. ಅಡುಗೆ ಒಲೆಯನ್ನೂ ಅಡುಗೆಗೆ ಮಾತ್ರ ಹಚ್ಚಿ.

ಅಪಾರ್ಟ್‌ಮೆಂಟಿನವರು ಜನರೇಟರ್ ಇಡುವಂತಿಲ್ಲ. ಒಂದೇ ಕೋಣೆ ಆರಿಸಿಕೊಳ್ಳಿ, ಸಾಧ್ಯವಾದರೆ ಹೊರಗೋಡೆ ಕಡಿಮೆ ಇರುವುದು. ಚಳಿಯ ಮುನ್ಸೂಚನೆ ಬಂದ ದಿನವೇ ಫೋನು, ಪವರ್ ಬ್ಯಾಂಕ್ ಚಾರ್ಜ್, ಕುಡಿಯುವ ನೀರು ಬಿಂದಿಗೆಗೆ, ಬಳಸುವ ನೀರು ಬಾತ್‌ಟಬ್ಬಿಗೆ. 2021ರಲ್ಲಿ ಕರೆಂಟು ಬಂದ ಮೇಲೂ ನೀರು ಕುದಿಸಿ ಕುಡಿಯಿರೆಂಬ ಸೂಚನೆ ಎಷ್ಟೋ ಊರುಗಳಲ್ಲಿ ದಿನಗಟ್ಟಲೆ ಇತ್ತು.

ಕರೆಂಟು ಹೋದರೆ ಬಿಲ್ ಕಳಿಸುವ ಕಂಪನಿಗೆ ಫೋನ್ ಮಾಡಿ ಕೂಗಾಡುವವರಿದ್ದಾರೆ. ಬಿಲ್ ಕಳಿಸುವವರೇ ಬೇರೆ, ತಂತಿಯ ಕಂಪನಿಯೇ ಬೇರೆ: ಡಲ್ಲಾಸ್ ಕಡೆಯ ಬಹುಪಾಲು ತಂತಿ ಆನ್‌ಕೋರ್‌ನದು (Oncor), ಹೂಸ್ಟನ್‌ನಲ್ಲಿ ಸೆಂಟರ್‌ಪಾಯಿಂಟ್‌ನದು. ದೂರು ಅಲ್ಲಿಗೆ ಹೋಗಬೇಕು. ಆಸ್ಟಿನ್, ಸ್ಯಾನ್ ಆಂಟೋನಿಯೋಗಳಲ್ಲಿ ನಗರದ್ದೇ ಕಂಪನಿ, ಗೊಂದಲವಿಲ್ಲ. ಊರಿಂದ ಬಂದ ಅಪ್ಪ ಅಮ್ಮ ಆಕ್ಸಿಜನ್ ಯಂತ್ರದಂಥದ್ದರ ಮೇಲಿದ್ದರೆ ಡಾಕ್ಟರ ಸಹಿ ಹಾಕಿಸಿ 'ಕ್ರಿಟಿಕಲ್ ಕೇರ್' ಅರ್ಜಿ ಕೊಡಿ. ಅದರಿಂದ ಕರೆಂಟು ಹೋಗುವುದಿಲ್ಲವೆಂಬ ಭರವಸೆ ಸಿಗುವುದಿಲ್ಲ, ಬ್ಯಾಟರಿಯ ಏರ್ಪಾಡು ನಿಮ್ಮದೇ.

ಕೊನೆಗೆ ಪೈಪು. ಇಲ್ಲಿ ಎಷ್ಟೋ ಮನೆಗಳ ನೀರಿನ ಪೈಪು ಓಡುವುದು ಅಟ್ಟದಲ್ಲಿ. ಹೊರಗಿನ ನಲ್ಲಿಗೆ ಟೋಪಿ ಹಾಕಿ, ಒಳಗಿನ ನಲ್ಲಿಗಳು ಸಣ್ಣಗೆ ತೊಟ್ಟಿಕ್ಕುತ್ತಿರಲಿ, ಸಿಂಕಿನ ಕೆಳಗಿನ ಬಾಗಿಲು ತೆರೆದಿರಲಿ. ಹೊರಗೋಡೆಗೆ ಕೂರಿಸಿದ ಟ್ಯಾಂಕಿಲ್ಲದ ವಾಟರ್ ಹೀಟರ್ ಇದ್ದರೆ ಎಚ್ಚರ: ಅದು ಹೆಪ್ಪುಗಟ್ಟದಂತೆ ಕಾಯುವ ಪುಟ್ಟ ಹೀಟರಿಗೂ ಕರೆಂಟೇ ಬೇಕು. ಕರೆಂಟು ಹೋದರೆ ಅದರ ನೀರು ಇಳಿಸಿಬಿಡಿ.

ನಮ್ಮ ಪಕ್ಕದ ಮನೆಯವರ ಪೈಪು ಒಡೆದದ್ದು ಕರೆಂಟು ಹೋದಾಗಲ್ಲ, ಬಂದು ಮನೆ ಬೆಚ್ಚಗಾದ ಮೇಲೆ, ಹೆಪ್ಪು ಕರಗಿದಾಗ. ಸೂರಿನಿಂದ ನೀರು ಧೋ ಎನ್ನುತ್ತಿತ್ತು. ಮೇನ್ ವಾಲ್ವ್ ಎಲ್ಲಿದೆಯೆಂದು ಮನೆಯಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಫುಟ್‌ಪಾತಿನ ಪಕ್ಕದ ಹುಲ್ಲಿನಲ್ಲಿ ಒಂದು ಮುಚ್ಚಳವಿರುತ್ತದೆ, ಅದರ ಕೆಳಗೆ ನೀರಿನ ಮೀಟರು, ಪಕ್ಕದಲ್ಲೇ ವಾಲ್ವ್. ತಿರುಗಿಸಲು ಉದ್ದ ಹಿಡಿಯ ಕೀಲಿ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ. ಈ ಶನಿವಾರ ಬಿಸಿಲಿರುವಾಗ ಹೋಗಿ ಒಮ್ಮೆ ತೆಗೆದು ನೋಡಿ. ಕೈ ಹಾಕುವ ಮುಂಚೆ ಕೋಲಿನಿಂದ ತಟ್ಟಿ, ಒಳಗೆ ಜೇಡ ಇರುತ್ತವೆ.