ನಮ್ಮನ್ನ ಕಳ್ಳರ ಲಿಸ್ಟಿಗೆ ಸೇರಿಸಿದ ಪುಸ್ತಕ ಇಟ್ಕೊಂಡು ಕಾಫಿ ವ್ಯಾಪಾರ ಮಾಡ್ತಿರೋದು

ಕೌಟಿಲ್ಯನ ಅರ್ಥಶಾಸ್ತ್ರದ ನಾಲ್ಕನೇ ಅಧಿಕರಣದಲ್ಲಿ, ಅಂದ್ರೆ ನಾಲ್ಕನೇ ಭಾಗದಲ್ಲಿ, ಒಂದು ಮಾತು ಬರುತ್ತೆ. ವ್ಯಾಪಾರಿಗಳು, ಕಸುಬಿನವರು, ನಟರು, ಭಿಕ್ಷುಕರು, ಕಣ್ಕಟ್ಟು ಮಾಡೋರು, ಇವರೆಲ್ಲ ಕಳ್ಳರು ಅನ್ನೋ ಹೆಸರೊಂದಿಲ್ಲ ಅಷ್ಟೇ, ಕಳ್ಳರೇ, ಇವರಿಂದ ದೇಶಕ್ಕೆ ತೊಂದ್ರೆ ಆಗದ ಹಾಗೆ ನೋಡ್ಕೋಬೇಕು ಅಂತ. ನಾನು ಚಿಕ್ಕಮಗಳೂರಲ್ಲಿ ಕಾಫಿ ಖರೀದಿ ಮಾಡೋನು, ಅಂದ್ರೆ ಲಿಸ್ಟಲ್ಲಿ ಮೊದಲನೇ ಹೆಸರೇ ನಮ್ದು. ಓದಿದಾಗ ನಗು ಬಂತು, ಆದ್ರೆ ಈ ಮನುಷ್ಯನಿಗೆ ನಮ್ಮ ಲೈನು ಚೆನ್ನಾಗೇ ಗೊತ್ತು ಅಂತಾನೂ ಅನ್ನಿಸ್ತು.

ಈಗ ಬಿಸಿನೆಸ್ ಲೀಡರ್‌ಶಿಪ್ ಅಂತ ಯಾವ ಟ್ರೈನಿಂಗಿಗೆ ಹೋದ್ರೂ ಮೂರನೇ ಸ್ಲೈಡಿಗೆ ಕರ್ಮಣ್ಯೇವಾಧಿಕಾರಸ್ತೇ ಬಂದೇ ಬರುತ್ತೆ. ಗೀತೆ ಬಗ್ಗೆ ನನ್ನ ತಕರಾರಿಲ್ಲ. ತಕರಾರಿರೋದು ಆ ಶ್ಲೋಕನ ಇಂಕ್ರಿಮೆಂಟ್ ಕೇಳೋ ಹುಡುಗರಿಗೆ ಹೇಳಿ ಕಳ್ಸೋ ಓನರ್‌ಗಳ ಬಗ್ಗೆ, ಫಲ ಬಿಡು ಅಂತ ಅವನಿಗೆ ಹೇಳಿ ಫಲ ಪೂರ್ತಿ ತಾವಿಟ್ಕೋತಾರೆ. ಇನ್ನು ವಾಟ್ಸಾಪಲ್ಲಿ ಬೆಳಗಾದ್ರೆ ಬರೋ ಚಾಣಕ್ಯನ ಮಾತುಗಳು, ಅವು ಬಹಳಷ್ಟು ಅರ್ಥಶಾಸ್ತ್ರದಲ್ಲಿ ಇರೋದೇ ಇಲ್ಲ, ಚಾಣಕ್ಯ ನೀತಿ ಅನ್ನೋದು ಬೇರೇನೇ ಸಂಗ್ರಹ. ಅಸಲಿ ಅರ್ಥಶಾಸ್ತ್ರ ಹದಿನೈದು ಅಧಿಕರಣದ ದೊಡ್ಡ ಪುಸ್ತಕ, ಅದರ ತಾಳೆಗರಿ ಪ್ರತಿನ 1905ರಲ್ಲಿ ಗುರುತಿಸಿದ್ದು ನಮ್ಮ ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿದ್ದ ಆರ್. ಶಾಮಶಾಸ್ತ್ರಿಗಳು, 1909ಕ್ಕೆ ಪ್ರಿಂಟ್ ಮಾಡಿಸಿದ್ರು, 1915ಕ್ಕೆ ಇಂಗ್ಲಿಷಿಗೂ ಮಾಡಿದ್ರು. ಎಲ್ಲರೂ ಅದರಲ್ಲಿ ರಾಜತಂತ್ರ ಹುಡುಕ್ತಾರೆ. ನನಗೆ ಕೆಲಸಕ್ಕೆ ಬಂದಿದ್ದು ಎರಡನೇ ಅಧಿಕರಣ, ಅಧ್ಯಕ್ಷಪ್ರಚಾರ ಅಂತ, ಯಾರೂ ಕೋಟ್ ಮಾಡದ ಒಣ ಭಾಗ, ತೂಕ, ಅಳತೆ, ಲೆಕ್ಕದ ಪುಸ್ತಕ, ಉಗ್ರಾಣ, ಬರೀ ಇದೇ.

ನಮ್ಮ ವ್ಯಾಪಾರ ಸ್ವಲ್ಪ ಹೇಳ್ಬೇಕು, ಇಲ್ಲಾಂದ್ರೆ ಯಾಕೆ ಅಂತ ಗೊತ್ತಾಗಲ್ಲ. ಮೊದಲು ಪೂಲ್ ಅಂತ ಇದ್ದಾಗ ಬೆಳೆಗಾರ್ರು ಕಾಫಿನ ಸರ್ಕಾರದ ಕಾಫಿ ಬೋರ್ಡಿಗೇ ಕೊಡ್ಬೇಕಿತ್ತು, ದುಡ್ಡು ಕಂತಲ್ಲಿ ಬರೋದು. 1990ರ ದಶಕದಲ್ಲಿ ಅದು ಹಂತ ಹಂತವಾಗಿ ಸಡಿಲ ಆಗಿ 1996ಕ್ಕೆ ಪೂರ್ತಿ ಓಪನ್ ಮಾರ್ಕೆಟ್ ಆಯ್ತು, ಆವಾಗಿಂದ ಸಣ್ಣ ಬೆಳೆಗಾರ ನೇರ ನಮ್ಮಂಥವರ ಗೋಡೌನಿಗೆ ಬರ್ತಾನೆ. ಆಲ್ದೂರು, ವಸ್ತಾರೆ, ಮಲ್ಲಂದೂರು ಕಡೆಯಿಂದ ಜೀಪಲ್ಲೋ ಬಾಡಿಗೆ ಪಿಕಪ್ಪಲ್ಲೋ ನಾಲ್ಕು ಚೀಲ ಹಾಕ್ಕೊಂಡು. ಚೆರಿ, ಅಂದ್ರೆ ಸಿಪ್ಪೆ ಸಮೇತ ಒಣಗಿಸಿದ ಹಣ್ಣು ಆದ್ರೆ ರೇಟು ಓಟಿ (ಔಟ್‌ಟರ್ನ್) ಮೇಲೆ, ಅಂದ್ರೆ ಐವತ್ತು ಕೆಜಿ ಚೀಲಕ್ಕೆ ಎಷ್ಟು ಕೆಜಿ ಬೀಜ ಬರುತ್ತೆ ಅನ್ನೋದರ ಮೇಲೆ. ಒಂದು ಸ್ಯಾಂಪಲ್ ತಗೊಂಡು ಹಲ್ ಮಾಡಿ, ಅಂದ್ರೆ ಸಿಪ್ಪೆ ಬಿಡಿಸಿ, ತೂಗಿ ಇಪ್ಪತ್ತಾರು ಅಂತೀವಿ, ಇಪ್ಪತ್ತೇಳು ಅಂತೀವಿ. ಒಂದು ಪಾಯಿಂಟ್ ಕಮ್ಮಿ ಅಂದ್ರೆ ಚೀಲಕ್ಕೆ ಒಂದು ಕೆಜಿ ಬೀಜದ ದುಡ್ಡು ಹೋಯ್ತು. ಅದರ ಮೇಲೆ ಮಾಯಿಶ್ಚರ್ ಮೀಟರು, ರೊಬಸ್ಟಾ ಚೆರಿ ಹನ್ನೊಂದು ಪರ್ಸೆಂಟಿಗಿಂತ ಜಾಸ್ತಿ ತೋರ್ಸಿದ್ರೆ ಅದಕ್ಕೂ ದುಡ್ಡಲ್ಲಿ ಕಟಾವು. ಸ್ಕೇಲು, ಹಲ್ಲರು, ಮೀಟರು, ಈ ಮೂರೂ ಮೆಷಿನ್ನು ನಮ್ಮದು, ಓದೋನು ನಮ್ಮ ಹುಡುಗ, ಬಿಲ್ಲು ಬರೆಯೋನೂ ನಮ್ಮ ಹುಡುಗ. ಬೆಳೆಗಾರ ಏನು ಮಾಡ್ಬೇಕು, ನಮ್ಮ ಮುಖ ನೋಡ್ಬೇಕು ಅಷ್ಟೆ.

ತೂಕದ ಅಧ್ಯಕ್ಷನಿಗೆ ಕೌಟಿಲ್ಯ ಪೌತವಾಧ್ಯಕ್ಷ ಅಂತಾನೆ. ತಕ್ಕಡಿ, ಬಟ್ಟು, ಕೊಳಗಕ್ಕೆಲ್ಲ ನಾಲ್ಕು ತಿಂಗಳಿಗೊಂದ್ಸಲ ಮುದ್ರೆ ಹಾಕಿಸ್ಬೇಕು ಅಂತ ರೂಲು. ನಮಗೆ ಈಗ ಸರ್ಕಾರದ ಸೀಲು ವರ್ಷಕ್ಕೊಂದು. ನಾನು ಮಾಡಿದ್ದು ಇಷ್ಟು. ಸೀಲು ವರ್ಷಕ್ಕೊಂದೇ ಇರ್ಲಿ, ಆದ್ರೆ ಸ್ಟಾಂಪ್ ಆಗಿರೋ ಇಪ್ಪತ್ತು ಕೆಜಿ ಕಬ್ಬಿಣದ ಬಟ್ಟು ಒಂದನ್ನ ಸ್ಕೇಲ್ ಪಕ್ಕದಲ್ಲೇ ಇಟ್ಟೆ, ಯಾರು ಬೇಕಾದ್ರೂ ತಮ್ಮ ಚೀಲ ಹಾಕೋ ಮುಂಚೆ ಅದನ್ನೆತ್ತಿ ಇಟ್ಟು ನೋಡ್ಬಹುದು. ಡಿಸ್‌ಪ್ಲೇ ಬೆಳೆಗಾರನ ಕಡೆಗೂ ಒಂದು ಹಾಕಿಸ್ದೆ. ಓಟಿ ಸ್ಯಾಂಪಲ್ ಚೀಲದ ಬಾಯಿಂದಲ್ಲ, ಅವನು ತೋರ್ಸಿದ ಚೀಲದ ಮೇಲೆ, ಮಧ್ಯ, ತಳ ಮೂರೂ ಕಡೆಯಿಂದ ಬಂಬು ಚುಚ್ಚಿ ತೆಗೆದು, ಅವನೆದುರಿಗೇ ಹಲ್ ಮಾಡೋದು, ಅರ್ಧ ಸ್ಯಾಂಪಲ್ ಕವರಿಗೆ ಹಾಕಿ ಅವನ ಕೈಗೇ ಕೊಡೋದು, ಬೇರೆ ಕಡೆ ಚೆಕ್ ಮಾಡಿಸ್ಕೊ ಅಂತ. ಮೊದಮೊದಲು ಬಟ್ಟು ಇಟ್ಟು ಇಟ್ಟು ನೋಡೋರು, ಆಮೇಲೆ ಯಾರೂ ಮುಟ್ಟಲಿಲ್ಲ. ಪಕ್ಕದ ವ್ಯಾಪಾರಿಗಳು ಮಾತ್ರ ನನ್ನ ಮೇಲೆ ಸಿಟ್ಟಾದ್ರು, ನೀನು ಹಿಂಗೆ ಮಾಡಿದ್ರೆ ನಾವೆಲ್ಲ ಕಳ್ಳರು ಅಂತಾಗಲ್ವೇನಯ್ಯಾ ಅಂತ. ಪುಸ್ತಕದಲ್ಲಿ ಆಲ್ರೆಡಿ ಬರೆದಾಗಿದೆ ಅಂತ ಅವರಿಗೆ ಹೇಳೋಕೆ ಹೋಗಲಿಲ್ಲ.

ಒಳಗಿನ ಕಳ್ಳತನದ ವಿಷಯ ಇನ್ನೊಂದು. ಅಧಿಕಾರಿಗಳು ಹಣ ನುಂಗೋಕೆ ನಲವತ್ತು ದಾರಿ ಅಂತ ಎಣಿಸಿ ಬರೆದಿದ್ದಾನೆ, ಬಂದಿದ್ದನ್ನ ಬಂದಿಲ್ಲ ಅಂತ ಬರೆಯೋದು, ಕಮ್ಮಿ ಕೊಟ್ಟು ಜಾಸ್ತಿ ಕೊಟ್ಟೆ ಅನ್ನೋದು, ಮೊದಲು ಬಂದಿದ್ದನ್ನ ಆಮೇಲೆ ಬಂತು ಅಂತ ತೋರ್ಸೋದು, ಓದ್ತಾ ಹೋದ್ರೆ ನಮ್ಮ ಗೋಡೌನ್ ರಿಜಿಸ್ಟರೇ ನೋಡಿ ಬರೆದ ಹಾಗಿದೆ. ಅದಕ್ಕೆ ಅವನ ಔಷಧಿ ಏನಂದ್ರೆ ಒಂದೊಂದು ಇಲಾಖೆಗೂ ಹಲವು ಮುಖ್ಯಸ್ಥರಿರ್ಬೇಕು, ಯಾರೂ ಪರ್ಮನೆಂಟ್ ಆಗಿ ಒಂದೇ ಜಾಗದಲ್ಲಿ ಕೂರ್ಬಾರ್ದು. ನಾನು ಸ್ಕೇಲು, ಸ್ಯಾಂಪಲ್ಲು, ಬಿಲ್ಲು ಮೂರಕ್ಕೂ ಕೂರೋರನ್ನ ವಾರವಾರ ಬದಲಾಯಿಸೋಕೆ ಶುರು ಮಾಡಿದೆ, ಪ್ರತೀ ಚೀಟಿ ಮೇಲೆ ಇಬ್ಬರ ಸೈನು. ನಮ್ಮಪ್ಪನ ಕಾಲದಿಂದ ಲೆಕ್ಕ ಬರೆಯೋ ರೈಟ್ರಿಗೆ ಇದು ಬಹಳ ಬೇಜಾರಾಯ್ತು. ಎರಡು ದಿನ ಮಾತೇ ಇಲ್ಲ, ಆಮೇಲೆ ಕಾಫಿ ಟೈಮಲ್ಲಿ ಬಂದು ನಿಂತ್ಕೊಂಡು, "ಏನಣ್ಣಾ, ಇಷ್ಟು ವರ್ಷ ಆದ್ಮೇಲೆ ನನ್ನ ಮೇಲೇ ಡೌಟಾ?" ಅಂದ್ರು. ವಯಸ್ಸಲ್ಲಿ ನನಗಿಂತ ಎಷ್ಟೋ ದೊಡ್ಡೋರು, ಆದ್ರೂ ಅಣ್ಣ ಅನ್ನೋದು ಅವರ ರೂಢಿ. ನಾನು ಹೇಳ್ದೆ, ನಿಮ್ಮ ಮೇಲಲ್ಲ ರೈಟ್ರೇ, ನಾಳೆ ಯಾರಾದ್ರೂ ಬಂದು ತೂಕ ಕಮ್ಮಿ ಬಂತು ಅಂತ ಗಲಾಟೆ ಮಾಡಿದ್ರೆ ನಿಮ್ಮೊಬ್ರ ತಲೆಗೇ ಬರಬಾರ್ದು ಅಂತ, ಲಿಸ್ಟಲ್ಲಿ ನನ್ನ ಹೆಸರೂ ಹಾಕಿದೀನಿ, ನನ್ನ ವಾರದಲ್ಲಿ ನನ್ನ ಚೀಟಿಗೆ ನೀವು ಸೈನ್ ಹಾಕಿ. ನನ್ನ ವಾರ ಬಂದಾಗ ಕನ್ನಡಕ ಏರ್ಸ್ಕೊಂಡು ಪ್ರತಿಯೊಂದು ಚೀಟಿನೂ ಕೂಡ್ಸಿ ನೋಡಿದ್ರು ಪುಣ್ಯಾತ್ಮ.

ಇದೇ ಪುಸ್ತಕ ಹಿಡ್ಕೊಂಡು ಉಲ್ಟಾ ಮಾಡೋರೂ ಇದಾರೆ. ನನಗೆ ಗೊತ್ತಿರೋ ಒಬ್ರು ಪ್ಲಾಂಟರ್ರು, ಮಂತ್ರಿಗಳನ್ನ ಗುಟ್ಟಾಗಿ ಪರೀಕ್ಷೆ ಮಾಡ್ಬೇಕು ಅಂತ ಕೌಟಿಲ್ಯ ಹೇಳಿದಾನೆ ಅಂತ ಎಲ್ಲೋ ಕೇಳಿ, ಬಟವಾಡೆ ದಿನ ಟೇಬಲ್ ಮೇಲೆ ನೋಟಿನ ಕಟ್ಟು ಬಿಟ್ಟು ಹೊರಗೆ ಹೋಗೋರು, ಮೇಸ್ತ್ರಿ ಮುಟ್ತಾನಾ ನೋಡೋಣ ಅಂತ. ಅದೇ ಅಧ್ಯಾಯದ ಕೊನೆ ತನಕ ಓದಿದ್ರೆ ಅವನೇ ಎಚ್ಚರಿಕೆ ಕೊಡ್ತಾನೆ, ಕೆಡದೇ ಇದ್ದವನನ್ನ ಪರೀಕ್ಷೆ ಹೆಸರಲ್ಲಿ ಕೆಡಿಸಬೇಡ, ಅದು ನೀರಿಗೆ ವಿಷ ಹಾಕಿದ ಹಾಗೆ, ಒಂದ್ಸಲ ಕೆಟ್ಟವನಿಗೆ ಆಮೇಲೆ ಮದ್ದು ಸಿಗದೇ ಹೋಗಬಹುದು ಅಂತ. ಆ ಮೇಸ್ತ್ರಿ ದುಡ್ಡು ಮುಟ್ಟಲಿಲ್ಲ, ಆದ್ರೆ ವಿಷಯ ಗೊತ್ತಾಗಿ ಮುಂದಿನ ಕುಯ್ಲಿಗೆ ತನ್ನ ಆಳುಗಳ ಸಮೇತ ಬೇರೆ ಎಸ್ಟೇಟಿಗೆ ಹೋದ. ಕುಯ್ಲಲ್ಲಿ ಆಳು ಸಿಗೋ ಕಷ್ಟ ಗೊತ್ತಿರೋರಿಗೆ ಇದರ ಬೆಲೆ ಬಿಡಿಸಿ ಹೇಳೋದು ಬೇಡ.

ನಾನು ಕೂರೋ ಜಾಗ ಬದಲಾಯಿಸಿದ್ದೂ ಈ ಪುಸ್ತಕದಿಂದಾನೇ. ದರ್ಶನ ಸಿಗದ ರಾಜನ ಹತ್ರ, ಸುತ್ತ ಇರೋರು ಮಾಡಬಾರ್ದನ್ನ ಮಾಡಿಸ್ತಾರೆ, ಮಾಡ್ಬೇಕಾದ್ದನ್ನ ತಪ್ಪಿಸ್ತಾರೆ ಅಂತಾನೆ. ನಂಗೆ ಗ್ಲಾಸ್ ಕ್ಯಾಬಿನ್ ಇತ್ತು ಎಸಿ ಸಮೇತ. ಸೀಸನ್ ಮುಗಿಯೋ ತನಕ ಈಗ ಟೇಬಲ್ಲು ಸ್ಕೇಲ್ ಎದುರಿಗೆ, ಧೂಳು ಮೂಗಿಗೆ ಹೊಡೆಯುತ್ತೆ, ಆದ್ರೆ ಕಟಾವು ಜಾಸ್ತಿ ಆಯ್ತು ಅನ್ನೋನು ನೇರ ನನ್ನತ್ರಾನೇ ಬೈತಾನೆ. ರಾಜನ ದಿನಚರಿಯಲ್ಲಿ ಹಗಲನ್ನ ಎಂಟು ಭಾಗ ಮಾಡ್ತಾನೆ, ಮೊದಲನೇ ಭಾಗಕ್ಕೆ ರಕ್ಷಣೆ ಮತ್ತೆ ಆಯವ್ಯಯ, ಎರಡನೇದಕ್ಕೆ ಜನರ ಅಹವಾಲು. ನಾನು ಲಂಡನ್ ಟರ್ಮಿನಲ್ ರೇಟು, ಅಂದ್ರೆ ಅಲ್ಲಿನ ಕಾಫಿ ಮಾರ್ಕೆಟ್ ರೇಟು, ನೋಡೋ ಮುಂಚೆ ನಿನ್ನೆ ಕ್ಯಾಶ್ ಬುಕ್ ಮುಗಿಸ್ತೀನಿ, ಆಮೇಲೆ ಜನ. ರೇಟಿಂದ ದಿನ ಶುರು ಮಾಡಿದ್ರೆ ಅವತ್ತಿಡೀ ತಲೆ ನೆಟ್ಟಗಿರಲ್ಲ.

ಎಲ್ಲಾನೂ ತಗೊಂಡಿಲ್ಲ. ಒಂದೇ ತಪ್ಪಿಗೆ ಜಾತಿ ನೋಡಿ ಬೇರೆ ಬೇರೆ ದಂಡ, ಚಿತ್ರಹಿಂಸೆ, ಗೂಢಚಾರರ ದಂಡು, ಇವೆಲ್ಲ ಅದರಲ್ಲಿ ಧಾರಾಳವಾಗಿದೆ, ಅದನ್ನ ಮುಚ್ಚಿಟ್ಟು ನಮ್ಮ ಪ್ರಾಚೀನರು ಎಲ್ಲಾ ಹೇಳಿಬಿಟ್ಟಿದಾರೆ ಅನ್ನೋರ ಜೊತೆ ನನಗೆ ಆಗಲ್ಲ. ಆದ್ರೆ ಐದನೇ ಅಧಿಕರಣದಲ್ಲಿ, ಕೆಲಸದಲ್ಲಿದ್ದಾಗ ಸತ್ತವರ ಹೆಂಡ್ತಿ ಮಕ್ಕಳಿಗೆ ಊಟ, ಸಂಬಳ ಸಿಗಬೇಕು ಅಂತ ಒಂದೇ ಸಾಲು ಇದೆ. ಅದನ್ನ ಓದಿದ ಮೇಲೆ ಹಮಾಲಿಗಳಿಗೆಲ್ಲ ಆಕ್ಸಿಡೆಂಟ್ ಇನ್ಶೂರೆನ್ಸ್ ಮಾಡಿಸಿದೆ, ಪ್ರೀಮಿಯಂ ನಮ್ಮ ಖರ್ಚು, ಒಂದು ಲೋಡಿನ ಹಮಾಲಿ ಕೂಲಿಯಷ್ಟೂ ಆಗಲ್ಲ.

ಪುಸ್ತಕ ಈಗ ಆಫೀಸಲ್ಲೇ ಇರುತ್ತೆ, ಸ್ಯಾಂಪಲ್ ಹುಡುಗ ಬಿಡುವಿದ್ದಾಗ ತಿರುವಿ ಹಾಕ್ತಾನೆ. ಮೊನ್ನೆ ಒಂದು ಪೇಜಿಗೆ ಬೆರಳಿಟ್ಕೊಂಡು ಬಂದ. "ಸಾರ್, ವ್ಯಾಪಾರದಲ್ಲಿ ಕೆಲಸ ಮಾಡೋನಿಗೆ ಮಾಲಿನಲ್ಲಿ ಹತ್ತನೇ ಒಂದು ಪಾಲು ಅಂತ ಬರೆದಿದೆ, ಇದನ್ನ ನೀವು ಹೇಳಲೇ ಇಲ್ವಲ್ಲ!" ಸಾಲು ಪೂರ್ತಿ ಓದು ಅಂದೆ. ಸಂಬಳ ಇಷ್ಟು ಅಂತ ಮೊದಲೇ ಮಾತಾಡ್ಕೊಂಡಿಲ್ಲದಿದ್ರೆ ಮಾತ್ರ ಹತ್ತನೇ ಪಾಲು, ನಿಂದು ಮಾತಾಡಿ ಆಗಿದೆಯಲ್ಲೋ ಅಂದೆ. ಸ್ವಲ್ಪ ಹೊತ್ತು ಯೋಚನೆ ಮಾಡಿ, ಹಂಗಾದ್ರೆ ಮುಂದಿನ ಸೀಸನ್ನಿಗೆ ಹೊಸದಾಗಿ ಮಾತಾಡೋಣ ಸಾರ್ ಅಂದ.