ಬೇಸಿಗೆಯ ಸೂಪರ್‌ಕಂಪ್ಯೂಟಿಂಗ್ ಇಂಟರ್ನ್‌ಶಿಪ್: ತಯಾರಿ ದೀಪಾವಳಿಗೇ ಶುರುವಾಗಲಿ

ಬೆಳಗಾವಿ, ಬಾಗಲಕೋಟೆ, ವಿಜಯಪುರದ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಮೂರನೇ ವರ್ಷ ಓದುವ ವಿದ್ಯಾರ್ಥಿಗಳು ಬೇಸಿಗೆ ಇಂಟರ್ನ್‌ಶಿಪ್‌ಗಾಗಿ ಓಡಾಡತೊಡಗುವುದು ಸಾಮಾನ್ಯವಾಗಿ ಏಪ್ರಿಲ್‌ನಲ್ಲಿ. ಸಂಶೋಧನಾ ಸಂಸ್ಥೆಗಳ ಅರ್ಜಿಯ ಗಡುವು ಅಷ್ಟರೊಳಗೆ ಮುಗಿದಿರುತ್ತದೆ. ಆಗ ಕೈಗೆ ಸಿಗುವುದು ಶುಲ್ಕ ಕಟ್ಟಿಸಿಕೊಂಡು ಪ್ರಮಾಣಪತ್ರ ಕೊಡುವ ತರಬೇತಿ ಕೇಂದ್ರಗಳಷ್ಟೇ. ಪಠ್ಯಕ್ರಮದ ಅಂಕಕ್ಕೆ ಅದು ಸಾಲಬಹುದಾದರೂ, ಸಾವಿರಾರು ಪ್ರೊಸೆಸರ್‌ಗಳು ಒಂದೇ ಲೆಕ್ಕವನ್ನು ಹಂಚಿಕೊಂಡು ಮಾಡುವ ಉನ್ನತ ಕಂಪ್ಯೂಟಿಂಗ್ ಕ್ಷೇತ್ರದಲ್ಲಿ ಮುಂದೆ ಓದಬೇಕೆನ್ನುವವರಿಗೆ ಅದರಿಂದ ಪ್ರಯೋಜನ ಕಡಿಮೆ.

ಎಲ್ಲಿಗೆ, ಯಾವಾಗ

ಮೊದಲು ನೋಡಬೇಕಾದದ್ದು ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ನಡೆಸುವ ಬೇಸಿಗೆ ಸಂಶೋಧನಾ ಫೆಲೋಶಿಪ್. ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿ ಇದರಲ್ಲೊಂದು. ಆನ್‌ಲೈನ್ ಅರ್ಜಿಯ ಅವಧಿ ಸಾಮಾನ್ಯವಾಗಿ ನವೆಂಬರ್ ಕೊನೆಗೆ ಮುಗಿಯುತ್ತದೆ. ಆಯ್ಕೆಯಾದವರು ಸುಮಾರು ಎರಡು ತಿಂಗಳು ಒಬ್ಬ ವಿಜ್ಞಾನಿಯ ಕೈಕೆಳಗೆ ಕೆಲಸ ಮಾಡುತ್ತಾರೆ, ಸ್ಟೈಪೆಂಡ್ ಕೂಡ ಇರುತ್ತದೆ. ಐಐಟಿಗಳ ಬೇಸಿಗೆ ಕಾರ್ಯಕ್ರಮಗಳ ಪ್ರಕಟಣೆಗಳು ಹೆಚ್ಚಾಗಿ ಜನವರಿಯಿಂದ ಮಾರ್ಚ್ ನಡುವೆ ಬರುತ್ತವೆ. ನಮ್ಮ ಭಾಗದವರು 2016ರಲ್ಲಿ ಆರಂಭವಾದ ಧಾರವಾಡದ ಐಐಟಿಯನ್ನು ಪಟ್ಟಿಯಿಂದ ಬಿಡಬಾರದು.

ಯಂತ್ರದ ದೃಷ್ಟಿಯಿಂದ ನೋಡುವುದಾದರೆ ಎರಡು ಊರುಗಳು ಮುಖ್ಯ. ಒಂದು ಪುಣೆ: 1988ರಲ್ಲಿ ಹುಟ್ಟಿದ ಕೇಂದ್ರ ಸರ್ಕಾರದ ಕಂಪ್ಯೂಟಿಂಗ್ ಸಂಶೋಧನಾ ಸಂಸ್ಥೆ ಸಿ-ಡ್ಯಾಕ್, ದೇಶದ ಮೊದಲ ಸ್ವದೇಶಿ ಸೂಪರ್‌ಕಂಪ್ಯೂಟರ್ ಎನ್ನಲಾಗುವ ಪರಮ್ 8000 ಅನ್ನು 1991ರಲ್ಲಿ ಅಲ್ಲಿಯೇ ರೂಪಿಸಿತು. ಇನ್ನೊಂದು ಬೆಂಗಳೂರು: ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ಸ್ಥಾಪನೆಯಾದ ಪರಮ್ ಪ್ರವೇಗದ ಸಾಮರ್ಥ್ಯ 3.3 ಪೆಟಾಫ್ಲಾಪ್. ಒಂದು ಪೆಟಾಫ್ಲಾಪ್ ಎಂದರೆ ಒಂದರ ಮುಂದೆ 15 ಸೊನ್ನೆ ಇಟ್ಟಷ್ಟು ಲೆಕ್ಕಗಳನ್ನು ಒಂದೇ ಸೆಕೆಂಡಿನಲ್ಲಿ ಮಾಡುವ ಶಕ್ತಿ.

ಲ್ಯಾಪ್‌ಟಾಪ್‌ನಲ್ಲೇ ಒಂದು ಅಳತೆ

ಅರ್ಜಿಗಿಂತ ಮುಂಚಿನ ಕೆಲಸವೊಂದಿದೆ. ಹಲವರು ಇದನ್ನು ಬಿಟ್ಟೇ ಬಿಡುತ್ತಾರೆ, ನನ್ನ ಪ್ರಕಾರ ಆಯ್ಕೆಯಲ್ಲಿ ಹೆಚ್ಚು ತೂಕ ಇರುವುದು ಇದಕ್ಕೇ. ಸೂಪರ್‌ಕಂಪ್ಯೂಟರ್ ಕಾಣದವರೂ ಅದರ ಮೂಲ ಸಮಸ್ಯೆಯನ್ನು ಸ್ವಂತ ಲ್ಯಾಪ್‌ಟಾಪ್‌ನಲ್ಲಿ ಅಳೆದು ನೋಡಬಹುದು.

1000 ಅಡ್ಡಸಾಲು, 1000 ಕಂಬಸಾಲುಗಳ ಎರಡು ಮ್ಯಾಟ್ರಿಕ್ಸ್‌ಗಳನ್ನು ಗುಣಿಸುವ ಪ್ರೋಗ್ರಾಮನ್ನು ಸಿ ಭಾಷೆಯಲ್ಲಿ ಬರೆಯಿರಿ. ಐ, ಜೆ, ಕೆ ಎಂಬ ಮೂರು ಲೂಪ್‌ಗಳು, 100 ಕೋಟಿ ಗುಣಾಕಾರ, ಹತ್ತಿರಹತ್ತಿರ ಅಷ್ಟೇ ಸಂಕಲನ. ಓಡಿಸಿ ಸಮಯ ಬರೆದಿಟ್ಟುಕೊಂಡು, ಒಳಗಿನ ಜೆ ಮತ್ತು ಕೆ ಲೂಪ್‌ಗಳನ್ನು ಅದಲುಬದಲು ಮಾಡಿ ಮತ್ತೆ ಓಡಿಸಿರಿ. ಉತ್ತರ ಅದೇ, ಲೆಕ್ಕದ ಸಂಖ್ಯೆಯೂ ಅದೇ, ಆದರೆ ಸಮಯ ಸಾಮಾನ್ಯವಾಗಿ ಗಣನೀಯವಾಗಿ ಇಳಿಯುತ್ತದೆ. ಕಾರಣ ಇರುವುದು ಮೆಮೊರಿಯಲ್ಲಿ. ಸಿ ಭಾಷೆ ಮ್ಯಾಟ್ರಿಕ್ಸನ್ನು ಅಡ್ಡಸಾಲಿನ ಕ್ರಮದಲ್ಲಿ ಜೋಡಿಸಿಡುತ್ತದೆ. ಪ್ರೊಸೆಸರ್ ಮೆಮೊರಿಯಿಂದ ಒಂದು ಸಂಖ್ಯೆ ಕೇಳಿದರೆ ಸಾಮಾನ್ಯವಾಗಿ 64 ಬೈಟ್, ಅಂದರೆ ತಲಾ 8 ಬೈಟಿನ ಎಂಟು ಸಂಖ್ಯೆಗಳು ಒಟ್ಟಿಗೆ ಪ್ರೊಸೆಸರ್ ಬಳಿಯ ಸಣ್ಣ, ವೇಗದ ಮೆಮೊರಿಯಾದ ಕ್ಯಾಶ್‌ಗೆ ಬರುತ್ತವೆ. ಕಂಬಸಾಲಿನ ಗುಂಟ ಇಳಿಯುವ ಮೊದಲ ಕ್ರಮ ಆ ಎಂಟರಲ್ಲಿ ಒಂದನ್ನು ಬಳಸಿ ಮುಂದೆ ಹೋಗುತ್ತದೆ, ಬದಲಿಸಿದ ಕ್ರಮ ಎಂಟನ್ನೂ ಬಳಸಿಕೊಳ್ಳುತ್ತದೆ.

ಅಳತೆಯಲ್ಲಿ ಶಿಸ್ತು ಬೇಕು. ಚಾರ್ಜರ್ ಹಾಕಿಯೇ ಓಡಿಸಬೇಕು, ಏಕೆಂದರೆ ಬ್ಯಾಟರಿಯಲ್ಲಿ ಎಷ್ಟೋ ಯಂತ್ರಗಳು ವೇಗ ಇಳಿಸುತ್ತವೆ. ಕಂಪೈಲರ್‌ಗೆ ಕೊಟ್ಟ ಆಯ್ಕೆಯನ್ನು ಬರೆದಿಡಬೇಕು. ಒಂದೇ ಸಲದ ಅಂಕಿಯನ್ನು ನಂಬದೆ ಹಲವು ಸಲದ ಅಂಕಿಗಳಲ್ಲಿ ನಡುವಿನದನ್ನು ತೆಗೆದುಕೊಳ್ಳಬೇಕು. ವಿಜಯಪುರದ ಬಿಸಿಲಿನಲ್ಲಂತೂ ಮೊದಲ ಓಟಕ್ಕೂ ಹತ್ತನೆಯದಕ್ಕೂ ವ್ಯತ್ಯಾಸ ಬರುವುದುಂಟು. ಕಾದ ಪ್ರೊಸೆಸರ್ ತನ್ನನ್ನು ಕಾಪಾಡಿಕೊಳ್ಳಲು ತಾನೇ ನಿಧಾನವಾಗುತ್ತದೆ.

ಅನಂತರ, ಲೆಕ್ಕವನ್ನು ಕೋರ್‌ಗಳಿಗೆ (ಪ್ರೊಸೆಸರಿನೊಳಗಿನ ಬಿಡಿ ಲೆಕ್ಕ ಘಟಕಗಳಿಗೆ) ಹಂಚುವ ಓಪನ್ಎಂಪಿಯ ಒಂದು ಸಾಲು ಸೇರಿಸಿ, 1, 2, 4, 8 ಕೋರ್‌ಗಳಲ್ಲಿ ಓಡಿಸಿ ಗ್ರಾಫ್ ಬಿಡಿಸಿರಿ. ಎಂಟು ಕೋರ್‌ಗೆ ಎಂಟು ಪಟ್ಟು ವೇಗ ಸಿಗದಿದ್ದರೆ ಗಾಬರಿ ಬೇಡ, ಆ ಕೊರತೆಯ ವಿವರಣೆಯೇ ನಿಮ್ಮ ಅರ್ಜಿಯ ತಿರುಳು. ಕೆಲಸದ ಶೇಕಡಾ 10 ಭಾಗ ಹಂಚಲಾಗದ್ದಾದರೆ ಎಂಟು ಕೋರ್‌ಗಳಿಂದ ಸಿಗುವ ವೇಗ 4.7 ಪಟ್ಟು ಮಾತ್ರ, ಎಷ್ಟೇ ಕೋರ್ ಸೇರಿಸಿದರೂ 10 ಪಟ್ಟು ದಾಟದು. ಕಂಪ್ಯೂಟರ್ ವಿನ್ಯಾಸಕ ಜೀನ್ ಆಮ್ಡಾಲ್ 1967ರಲ್ಲಿ ಮುಂದಿಟ್ಟ ಈ ವಾದ ಇಂದಿಗೂ ಈ ಕ್ಷೇತ್ರದ ಮೊದಲ ಪಾಠ.

ಪತ್ರ ಬರೆಯುವ ಬಗೆ

'ಮಾನ್ಯರೇ, ನನಗೆ ಎಐನಲ್ಲಿ ತುಂಬಾ ಆಸಕ್ತಿ ಇದೆ, ಅವಕಾಶ ಕೊಡಿ' ಎಂಬ ಪತ್ರವನ್ನು ಒಂದೇ ದಿನ ನಲವತ್ತು ಪ್ರಾಧ್ಯಾಪಕರಿಗೆ ಕಳುಹಿಸಿದರೆ ಉತ್ತರ ಬರುವುದು ಕಷ್ಟ. ನಾಲ್ಕೈದು ಮಂದಿಯನ್ನು ಆರಿಸಿ, ಅವರ ಇತ್ತೀಚಿನ ಒಂದು ಪ್ರಬಂಧವನ್ನಾದರೂ ಓದಿ, ನಿಮ್ಮ ಅಳತೆಯನ್ನು ಎರಡು ಸಾಲಿನಲ್ಲಿ ಹೇಳಿ, ಒಂದು ಪ್ರಶ್ನೆ ಇಡಬೇಕು.

ಪ್ರಶ್ನೆಗೆ ದೂರ ಹೋಗಬೇಕಿಲ್ಲ. 2019ರ ಆಗಸ್ಟಿನಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ನದಿಗಳು ಉಕ್ಕಿ ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳ ಊರುಗಳು ಮುಳುಗಿದ್ದನ್ನು ಕಂಡವರು ಪ್ರವಾಹದ ನೀರು ಹರಡುವ ಲೆಕ್ಕವನ್ನೇ ಎತ್ತಿಕೊಳ್ಳಬಹುದು. ನೆಲವನ್ನು 100 ಮೀಟರ್ ಚೌಕಗಳ ಬದಲು 50 ಮೀಟರ್ ಚೌಕಗಳಾಗಿ ಒಡೆದರೆ ಚೌಕಗಳು ನಾಲ್ಕು ಪಟ್ಟಾಗುತ್ತವೆ. ಸಾಮಾನ್ಯ ವಿಧಾನಗಳಲ್ಲಿ ಕಾಲದ ಹೆಜ್ಜೆಯನ್ನೂ ಅರ್ಧಕ್ಕೆ ಇಳಿಸಬೇಕಾಗುವುದರಿಂದ ಒಟ್ಟು ಕೆಲಸ ಎಂಟು ಪಟ್ಟಾಗುತ್ತದೆ. ಈ ಹೆಚ್ಚುವರಿ ಕೆಲಸವನ್ನು ಕೋರ್‌ಗಳ ನಡುವೆ ಹೇಗೆ ಹಂಚುವುದು, ನೀರಿಲ್ಲದ ಒಣ ಚೌಕಗಳ ಪಾಲು ಬಂದ ಕೋರ್‌ಗಳು ಸುಮ್ಮನೆ ಕೂಡದಂತೆ ನೋಡಿಕೊಳ್ಳುವುದು ಹೇಗೆ ಎಂದು ಕೇಳುವ ವಿದ್ಯಾರ್ಥಿಯ ಪತ್ರವನ್ನು ಯಾವ ಪ್ರಾಧ್ಯಾಪಕರೂ ಎರಡನೇ ಸಲ ಓದುತ್ತಾರೆ.

ಶಿಫಾರಸು ಪತ್ರ ಕೊಡುವ ಗುರುಗಳಿಗೂ ಈ ಗ್ರಾಫನ್ನು ಮೊದಲೇ ತೋರಿಸಿರಿ. ಇಲ್ಲವಾದರೆ ಅವರು ಹಾಜರಾತಿ, ನಡತೆಗಳ ಬಗ್ಗೆಯಷ್ಟೇ ಬರೆಯಬೇಕಾಗುತ್ತದೆ. ಕಾಲೇಜಿನ ಎನ್ಒಸಿ (ನಿರಾಕ್ಷೇಪಣಾ ಪತ್ರ) ಪಡೆಯುವಾಗ ಪರೀಕ್ಷಾ ವೇಳಾಪಟ್ಟಿಯನ್ನೂ ವಿಚಾರಿಸಿಕೊಂಡು, ದಿನಾಂಕಗಳು ಇಂಟರ್ನ್‌ಶಿಪ್ ಅವಧಿಗೆ ತಾಗುವ ಸಂಭವವಿದ್ದರೆ ಅದನ್ನು ಮಾರ್ಗದರ್ಶಕರಿಗೆ ಮೊದಲ ಪತ್ರದಲ್ಲೇ ತಿಳಿಸಿಬಿಡುವುದು ಒಳ್ಳೆಯದು.

ಲ್ಯಾಬ್ ಸೇರಿದ ಮೇಲೆ

ಸೂಪರ್‌ಕಂಪ್ಯೂಟರ್‌ಗಳೆಲ್ಲ ಇಂದು ಲಿನಕ್ಸ್ ಮೇಲೆ ನಡೆಯುವುದರಿಂದ ಟರ್ಮಿನಲ್ ಬಳಕೆ, ದೂರದ ಯಂತ್ರಕ್ಕೆ ಲಾಗಿನ್ ಆಗುವ ಎಸ್ಎಸ್ಎಚ್ ಮತ್ತು ಕೋಡಿನ ಬದಲಾವಣೆಗಳನ್ನು ದಾಖಲಿಸುವ ಗಿಟ್ ಊರು ಬಿಡುವ ಮೊದಲೇ ರೂಢಿಯಾಗಿರಬೇಕು. ಒಳಗೆ ಹೋದಾಗ ಮೊದಲು ಸಿಗುವುದು ಲಾಗಿನ್ ನೋಡ್ (ನೋಡ್ ಎಂದರೆ ಸೂಪರ್‌ಕಂಪ್ಯೂಟರಿನೊಳಗಿನ ಒಂದೊಂದು ಬಿಡಿ ಕಂಪ್ಯೂಟರ್). ಅದು ಎಲ್ಲರೂ ಹಾದುಹೋಗುವ ಪಡಸಾಲೆ. ಅಲ್ಲಿ ಜೋಳದ ಚೀಲ ಪೇರಿಸುವಂತಿಲ್ಲ. ದೊಡ್ಡ ಲೆಕ್ಕವನ್ನು ಸ್ಲರ್ಮ್‌ನಂಥ ಸರತಿ ವ್ಯವಸ್ಥೆಯ ಮೂಲಕ, ಎಷ್ಟು ನೋಡ್, ಎಷ್ಟು ಸಮಯ ಬೇಕೆಂದು ಬರೆದು ಸಲ್ಲಿಸಬೇಕು. ಕೇಳಿದ ಸಮಯ ಮೀರಿದರೆ ಕೆಲಸ ಅರ್ಧಕ್ಕೇ ನಿಲ್ಲುತ್ತದೆ, ಅಗತ್ಯಕ್ಕಿಂತ ಬಹಳ ಹೆಚ್ಚು ಕೇಳಿದರೆ ಸರತಿಯಲ್ಲಿ ಕಾಯಬೇಕಾಗುತ್ತದೆ. ಆದ್ದರಿಂದ ಮೊದಲು ಸಣ್ಣ ಗಾತ್ರದ ಲೆಕ್ಕ ಓಡಿಸಿ ಅಂದಾಜು ಪಡೆಯಬೇಕು.

ಪ್ರತಿದಿನ ಏನು ಓಡಿಸಿದಿರಿ, ಯಾವ ಆಯ್ಕೆಗಳೊಂದಿಗೆ, ಏನು ಬಂತು ಎಂಬುದನ್ನು ಟಿಪ್ಪಣಿ ಪುಸ್ತಕದಲ್ಲಿ ಬರೆಯಿರಿ. ಖಾತೆ ಸಾಮಾನ್ಯವಾಗಿ ಅವಧಿಯ ಬೆನ್ನಿಗೇ ಮುಚ್ಚುವುದರಿಂದ ಕೊನೆಯ ವಾರಕ್ಕೆ ಮೊದಲೇ ಸ್ಕ್ರಿಪ್ಟ್‌ಗಳನ್ನೂ ಫಲಿತಾಂಶಗಳನ್ನೂ ಅನುಮತಿ ಪಡೆದು ನಕಲು ಮಾಡಿಕೊಳ್ಳಬೇಕು, ಕಾಲೇಜಿನ ಇಂಟರ್ನ್‌ಶಿಪ್ ವರದಿಗೆ ಬೇಕಾದ ಮಾರ್ಗದರ್ಶಕರ ಸಹಿಯನ್ನೂ ಅಲ್ಲಿಂದ ಹೊರಡುವ ಮುನ್ನವೇ ಹಾಕಿಸಿಕೊಳ್ಳಬೇಕು.