ವರ್ಗ ಸಮೀಕರಣ: ಬಿಡಿಸುವ ಮೊದಲು ಚಿಹ್ನೆ ನೋಡಿದೆ, ಮಾರ್ಕ್ಸ್ ಬಂತು

ಬ್ಯಾಂಕ್ ಕ್ಲರ್ಕ್ ಪ್ರಿಲಿಮ್ಸ್ ಬರೆದವರಿಗೆ ಗೊತ್ತು, 35 ಲೆಕ್ಕಕ್ಕೆ 20 ನಿಮಿಷ. ಎಕ್ಸ್ ದೊಡ್ಡದೋ ವೈ ದೊಡ್ಡದೋ ಅಂತ ಐದು ವರ್ಗ ಸಮೀಕರಣ ಬಂದರೆ ನನಗೆ ಅದಕ್ಕೇ ಆರು ನಿಮಿಷ ಹೋಗುತ್ತಿತ್ತು. ಅಷ್ಟಾದರೂ ಎರಡು ತಪ್ಪು, ತಪ್ಪಿಗೆ ಕಾಲು ಮಾರ್ಕ್ ಕಡಿತ. ಹೀಗೇ ಎರಡು ವರ್ಷ ಹೋಯಿತು. ಹಾಸನದಲ್ಲಿ ಕೋಚಿಂಗ್‌ಗೆ ಸುಮಾರು 14 ಸಾವಿರ ಕಟ್ಟಿದ್ದೆ, ರೂಮ್ ಬಾಡಿಗೆ, ಮೆಸ್ ಖರ್ಚು ಬೇರೆ. ಎಲ್ಲ ಅಪ್ಪನ ಆಲೂಗಡ್ಡೆ ದುಡ್ಡು.

ಒಂದು ದಿನ ಕೂತು, ಮಾಕ್ ಟೆಸ್ಟ್‌ಗಳಲ್ಲಿ ತಪ್ಪಾದದ್ದನ್ನೆಲ್ಲ ನೋಟ್‌ಬುಕ್ಕಿಗೆ ಇಳಿಸಿದೆ. ಇನ್ನೂರರ ಹತ್ತಿರ ಇದ್ದವು. ಅಪವರ್ತನದಲ್ಲಿ ತಪ್ಪಿದ್ದು ಕಡಿಮೆ, ಚಿಹ್ನೆ ತಿರುಗಿಸುವಾಗ ಎಡವಿದ್ದೇ ಜಾಸ್ತಿ. ಅವತ್ತಿನಿಂದ ಚಿಹ್ನೆ ನೋಡದೆ ಪೆನ್ನು ಎತ್ತಿಲ್ಲ.

ಎಕ್ಸ್‌ಗೆ 1, +5, −24, ಅಂದರೆ x² + 5x − 24 = 0. ವೈಗೆ 1, −3, −40. ಎರಡರಲ್ಲೂ ಕೊನೆಯದು ಮೈನಸ್, ಅಂದರೆ ಎರಡೂ ಕಡೆ ಒಂದು ಮೂಲ ಪ್ಲಸ್, ಒಂದು ಮೈನಸ್. ಎಕ್ಸ್‌ನ ಪ್ಲಸ್ಸು ವೈನ ಮೈನಸ್ಸಿಗಿಂತ ದೊಡ್ಡದು, ಎಕ್ಸ್‌ನ ಮೈನಸ್ಸು ವೈನ ಪ್ಲಸ್ಸಿಗಿಂತ ಚಿಕ್ಕದು. ಸಂಬಂಧ ಹೇಳೋಕಾಗಲ್ಲ, ಟಿಕ್ ಮಾಡಿ ಮುಂದೆ ಹೋಗಿ. ಒಂದರಲ್ಲಿ ಮೂರೂ ಪ್ಲಸ್, ಇನ್ನೊಂದರಲ್ಲಿ ನಡುವಿನದು ಮಾತ್ರ ಮೈನಸ್ ಇದ್ದರೂ ಕೆಲಸ ಮುಗೀತು, ಮೊದಲನೆಯದೇ ಚಿಕ್ಕದು.

"ಐದರಲ್ಲಿ ಒಂದಕ್ಕೆ ಹೊಂದುತ್ತೆ ಅಷ್ಟೇ, ಸುಮ್ನೆ ಸೂತ್ರ ಹಾಕಪ್ಪ" ಅಂದರು ಸರ್. ನನ್ನ ನೋಟ್‌ಬುಕ್ ಪ್ರಕಾರ ಐದಕ್ಕೆ ಎರಡು, ಒಮ್ಮೊಮ್ಮೆ ಮೂರು.

ಉಳಿದದ್ದನ್ನು ಬಿಡಿಸಲೇಬೇಕು. 6, −17, +12 ಬಂತು ಅನ್ನಿ. 6 ಇಂಟು 12, ಅಂದರೆ 72ನ್ನು 9, 8 ಅಂತ ಒಡೆದು ಎರಡನ್ನೂ 6ರಿಂದ ಭಾಗಿಸಿದರೆ ಆಯಿತು, ಎರಡೂ ಪ್ಲಸ್. ವೈ ಕಡೆಯೂ ಭಿನ್ನರಾಶಿ ಬಂದರೆ ಹೋಲಿಸೋಕೆ ನನ್ನದೇ ಒಂದು ದಾರಿ ಇದೆ, ಅದನ್ನು ಮೇನ್ಸ್ ಮುಗಿಯುವವರೆಗೆ ಹೇಳಲ್ಲ.

ನಡುವೆ ಅಮೆರಿಕದ ಗಣಿತ ಪ್ರೊಫೆಸರ್ ಪೊ-ಶೆನ್ ಲೋ 2019ರಲ್ಲಿ ಹೇಳಿಕೊಟ್ಟ ರೀತಿಯನ್ನೂ ನೋಡಿದೆ. ಮೈಸೂರಿನ ಪ್ಯಾಸೆಂಜರ್ ರೈಲಲ್ಲಿ ಕೂತು, ಹೊಳೆನರಸೀಪುರ ಬರುವಷ್ಟರಲ್ಲಿ 40 ಲೆಕ್ಕ ಮಾಡಿದ್ದೆ. 1, −14, +45 ಇದ್ದರೆ 14ರ ಅರ್ಧ 7, 49ರಲ್ಲಿ 45 ಕಳೆದರೆ 4, ಅದರ ವರ್ಗಮೂಲ 2, 7ಕ್ಕೆ ಕೂಡಿಸಿ ಕಳೆದರೆ, ಉತ್ತರ 9 ಮತ್ತು 5. ಬಹಳ ಚೆಂದ ಇದೆ. ಆದರೆ ನಡುವಿನದು ಬೆಸ ಸಂಖ್ಯೆಯಾದರೆ ಅರ್ಧ ಕಾಲು ಅಂತ ನಿಧಾನವಾಗುತ್ತದೆ, ಬಿಟ್ಟೆ.

ಇನ್ನೊಂದು, ವೈ ವರ್ಗ 256 ಅಂದರೆ ±16. ವೈ = √256 ಅಂದರೆ +16 ಮಾತ್ರ. ಇದೊಂದರಲ್ಲೇ ನಾಲ್ಕೈದು ಸಲ ಮಾರ್ಕ್ಸ್ ಕಳೆದುಕೊಂಡಿದ್ದೇನೆ.

ಈ ಸಲ ಐದೂ ಹೆಚ್ಚುಕಡಿಮೆ ಎರಡು ನಿಮಿಷದಲ್ಲಿ ಮುಗಿದವು, ಮಿಕ್ಕ ಟೈಮು ಡಿಐಗೆ, ಅಂದರೆ ಕೋಷ್ಟಕ, ಗ್ರಾಫ್ ನೋಡಿ ಮಾಡುವ ಲೆಕ್ಕಕ್ಕೆ ಸಿಕ್ಕಿತು. ಪ್ರಿಲಿಮ್ಸ್ ಪಾಸ್. ಹೋದ ವಾರ ಸರ್ ಫೋನ್ ಮಾಡಿ ನೋಟ್‌ಬುಕ್ ಕೇಳಿದರು. ಜೆರಾಕ್ಸ್ ಮಾಡಿಸಿ ಕೊಟ್ಟೆ, ಭಿನ್ನರಾಶಿಯ ಎಂಟು ಪುಟ ಬಿಟ್ಟು.